ಹದಿನೆಂಟು ತುಂಬಿದರೆ ಸಾಲದೇ?

ಹೊಸೂರಿನ ತಂದೆಯೊಬ್ಬರು ಕಳೆದ ವಾರ ನನ್ನ ಕಚೇರಿಗೆ ಬಂದಿದ್ದರು. ಅಮೆರಿಕದಲ್ಲಿ ಓದುತ್ತಿರುವ 19ರ ಮಗಳು ಸಹಪಾಠಿಗಳೊಡನೆ ವಿಹಾರ ನೌಕೆಯಲ್ಲಿ ಹೋಗಬಯಸಿದ್ದಾಳೆ. “ಹದಿನೆಂಟು ತುಂಬಿದೆಯಲ್ಲ ವಕೀಲರೇ, ಇನ್ನೇನು ಅಡ್ಡಿ?” ಎಂಬುದು ಅವರ ಪ್ರಶ್ನೆ.

ನಮ್ಮ 1875ರ ವಯಸ್ಕತೆ ಅಧಿನಿಯಮದಂತೆ, ಹದಿನೆಂಟು ವರ್ಷ ಪೂರೈಸಿದವರು ವಯಸ್ಕರು. 1872ರ ಕರಾರು ಅಧಿನಿಯಮವು ವಯಸ್ಕರಿಗೆ ಮಾತ್ರ ಕರಾರು ಮಾಡಿಕೊಳ್ಳುವ ಅರ್ಹತೆ ನೀಡುತ್ತದೆ. ಅಪ್ರಾಪ್ತರ ಕರಾರು ಆರಂಭದಿಂದಲೇ ಶೂನ್ಯವೆಂದು 1903ರಲ್ಲಿ ಮೊಹರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು.

ಆದರೆ ಅರ್ಹತೆ ಬೇರೆ, ಎದುರು ಪಕ್ಷದ ಒಪ್ಪಿಗೆ ಬೇರೆ. ಟಿಕೆಟ್ಟೂ ಒಂದು ಕರಾರೇ. ಹಡಗಿನ ಸಂಸ್ಥೆ ತನ್ನ ಷರತ್ತು ವಿಧಿಸಬಹುದು. ರಾಯಲ್ ಕೆರಿಬಿಯನ್ ಸಂಸ್ಥೆಯ ನಿಯಮದಂತೆ, ಉತ್ತರ ಅಮೆರಿಕದ ಬಂದರುಗಳಿಂದ ಹೊರಡುವಾಗ ಹಿರಿಯರ ಜೊತೆಯಿಲ್ಲದವರಿಗೆ 21 ತುಂಬಿರಬೇಕು. ಯುರೋಪು, ಏಷ್ಯಾಗಳಿಂದ ಹೊರಡುವಾಗ 18 ಸಾಕು. ಕಾರ್ನಿವಲ್ ಸಂಸ್ಥೆಯಲ್ಲಿ 21ರೊಳಗಿನವರ ಜೊತೆಗೆ 25 ತುಂಬಿದ ಬಂಧು ಅಥವಾ ಪೋಷಕರಿರಬೇಕು. ಅಮೆರಿಕದಲ್ಲಿ ಮದ್ಯ ಖರೀದಿಯ ವಯಸ್ಸೂ 21 ಎಂಬುದು ಗಮನಾರ್ಹ.

ಆದ್ದರಿಂದ ಪೋಷಕರು ಮೂರು ಸಂಗತಿಗಳನ್ನು ಮೊದಲೇ ನೋಡಬೇಕು: ಹಡಗು ಹೊರಡುವ ಬಂದರು, ಹೊರಡುವ ದಿನದಂದು ಮಕ್ಕಳಿಗಿರುವ ವಯಸ್ಸು, ಪ್ರಯಾಣ ರದ್ದಾದರೆ ಹಣ ಮರಳುವ ಷರತ್ತು. ಶಾಲಾ ದಾಖಲೆ ಮತ್ತು ಪಾಸ್‌ಪೋರ್ಟುಗಳಲ್ಲಿನ ಜನ್ಮದಿನಾಂಕ ಒಂದೇ ಆಗಿರುವುದೂ ಅಗತ್ಯ.

ಆ ತಂದೆ ಇನ್ನೂ ಹಣ ಕಟ್ಟಿರಲಿಲ್ಲ. ಮಗಳಿಗೆ ದೂರವಾಣಿ ಮಾಡಿ, ಷರತ್ತುಗಳನ್ನು ಅವಳಿಂದಲೇ ಓದಿಸಿರೆಂದೆ. ವಯಸ್ಕಳಾದವಳು ಕಲಿಯಬೇಕಾದ ಮೊದಲ ಪಾಠವೂ ಅದೇ.