ಕಾಣದ ಕಣ, ಮಿನುಗುವ ಗಾಳಿ

ಮಕ್ಕಳೇ, ನೀವೆಲ್ಲ ಮಹಾಬಲಿಪುರ ನೋಡಿದವರೇ. ಅಲ್ಲಿಂದ ಇನ್ನಷ್ಟು ದಕ್ಷಿಣಕ್ಕೆ ಹೋದರೆ ಕಲ್ಪಾಕ್ಕಂ. ಅಲ್ಲಿ 1985ರಲ್ಲಿ ಶುರುವಾದ ಫಾಸ್ಟ್ ಬ್ರೀಡರ್ ಟೆಸ್ಟ್ ರಿಯಾಕ್ಟರಿಗೆ ಪ್ಲುಟೋನಿಯಂ ಬೆರೆತ ಇಂಧನ ಬೇಕು. ಪ್ಲುಟೋನಿಯಂ ಆಲ್ಫಾ ಕಣಗಳನ್ನು ಸೂಸುತ್ತದೆ. ಈ ಕಣ ಗಾಳಿಯಲ್ಲಿ 4 ಸೆಂಟಿಮೀಟರು ದಾಟುವಷ್ಟರಲ್ಲಿ ನಿಂತುಬಿಡುತ್ತದೆ. ತಡೆಯಲು ಒಂದು ಹಾಳೆ ಕಾಗದ ಸಾಕು. ಹಾಗಾದರೆ ಭಯವೇಕೆ ಅಂತೀರಾ? ಅದರ ಧೂಳು ಉಸಿರಿನೊಂದಿಗೆ ಒಳಗೆ ಹೋದರೆ, ಶ್ವಾಸಕೋಶಕ್ಕೂ ಅದಕ್ಕೂ ನಡುವೆ ಕಾಗದವಿರುವುದಿಲ್ಲ.

ಧೂಳು ಎಲ್ಲಿ ಬಿದ್ದಿದೆಯೆಂದು ಹುಡುಕುವವರ ಪಾಡು ಇನ್ನೂ ಕಷ್ಟ. ಉಪಕರಣವನ್ನು ಮೇಜಿಗೋ ನೆಲಕ್ಕೋ ತಾಗಿತೇನೋ ಎನ್ನುವಷ್ಟು ಹತ್ತಿರ ಹಿಡಿದು, ಅಂಗುಲ ಅಂಗುಲವಾಗಿ ಸಾಗಬೇಕು. ಅಪಾಯವಿರುವಲ್ಲಿಗೇ ಮನುಷ್ಯ ಹೋಗಬೇಕು.

ದೂರದಿಂದ ಹುಡುಕುವ ದಾರಿ ಗಾಳಿಯಲ್ಲೇ ಇದೆ. ಆಲ್ಫಾ ಕಣ ಹಾಯುವಾಗ ಸುತ್ತಲಿನ ಸಾರಜನಕ ಮಂಕಾದ ಅತಿನೇರಳೆ ಬೆಳಕು ಚೆಲ್ಲುತ್ತದೆ. 1903ರಲ್ಲೇ ಲಂಡನ್ನಿನ ವಿಲಿಯಂ ಹಗಿನ್ಸ್ ಮತ್ತು ಅವರ ಪತ್ನಿ ಮಾರ್ಗರೆಟ್ ರೇಡಿಯಂನ ಹೊಳಪಿನಲ್ಲಿ ಸಾರಜನಕದ ಗುರುತು ಕಂಡಿದ್ದರು. (ಪತ್ನಿಯ ಹೆಸರನ್ನೂ ನೆನಪಿಡಿ!) ಕಣ ಅಲ್ಲೇ ನಿಂತರೂ ಈ ಬೆಳಕು ಮೀಟರುಗಟ್ಟಲೆ ಸಾಗುತ್ತದೆ, ಸೂಕ್ಷ್ಮವಾದ ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಫಿನ್ಲೆಂಡಿನ ವಿಜ್ಞಾನಿಗಳು ಇದನ್ನು ಮಾಡಿ ತೋರಿಸಿದ್ದಾರೆ.

ತೊಡಕೆಂದರೆ ಬಿಸಿಲು. ನಮ್ಮ ಮದ್ರಾಸಿನ ಬಿಸಿಲಿನೆದುರು ಈ ಮಿನುಗು ಎಲ್ಲಿ ಕಂಡೀತು? ಅದಕ್ಕೇ ಕತ್ತಲೆ ಕೋಣೆ ಬೇಕು. ಇಲ್ಲವೆ ಓಝೋನ್ ಪದರ ನೆಲಕ್ಕೆ ಬಿಡದ ಅತಿನೇರಳೆ ಅಲೆಗಳನ್ನಷ್ಟೇ ನೋಡುವ ಕ್ಯಾಮೆರಾ ಬೇಕು; ಅದರ ಪಾಲಿಗೆ ಹಗಲೂ ಕತ್ತಲೆಯೇ. ಆದರೆ ಆ ಅಲೆಗಳಲ್ಲಿ ಗಾಳಿಯ ಮಿನುಗೂ ತೀರಾ ಕಡಿಮೆ, ಬಹಳ ಹೊತ್ತು ಕಾಯಬೇಕು. ನಿಮ್ಮಲ್ಲಿ ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಐಐಟಿಯಲ್ಲಿ ಓದುವವರಿದ್ದೀರಿ. ಆ ಕಾಯುವ ಹೊತ್ತನ್ನು ಕಡಿಮೆ ಮಾಡುವ ಕೆಲಸ ಇನ್ನೂ ಬಾಕಿಯಿದೆ.