ಒಂಬತ್ತರ ಗೇಟು ಮತ್ತು ರಜೆಯ ಕೊನೆಯ ದಿನ



ಬೇಸಿಗೆ ರಜೆಯ ಕೊನೆಯ ಭಾನುವಾರ ಮೈಸೂರು, ಬೆಂಗಳೂರಿನ ಎಷ್ಟೋ ಮನೆಗಳಲ್ಲಿ 'ನಡೀರಿ, ಊಟಿಗೆ ಹೋಗಿ ಬರೋಣ' ಎಂಬ ತೀರ್ಮಾನ ಬೆಳಗಿನ ಕಾಫಿ ಹೊತ್ತಿಗೆ ಆಗುವಂಥದ್ದು. ಅದರಲ್ಲಿ ತಪ್ಪಿಲ್ಲ. ತೊಂದರೆಯಿರುವುದು ವಾಪಸಾತಿಯಲ್ಲಿ. ದಾರಿಯಲ್ಲಿ ಸಿಗುವ ಬಂಡೀಪುರ ಕಾಡಿನ ಹೆದ್ದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಮಾರನೇ ದಿನ ಶಾಲೆ, ಹೊಸ ಪುಸ್ತಕಕ್ಕೆ ಬೈಂಡು ಹಾಕುವುದೂ ಬಾಕಿ. ಗೇಟು ತಪ್ಪೀತೆಂದು ಕಾರುಗಳು ಕಾಡಿನೊಳಗೇ ಓಡತೊಡಗುತ್ತವೆ. ಜಿಂಕೆ, ಆನೆ ರಸ್ತೆ ದಾಟುವುದೂ ಆ ಹೊತ್ತಿನಲ್ಲೇ. ಪ್ರಾಣಿಗಳಿಗೆಂದು ಮಾಡಿದ ನಿಯಮ ಹೀಗೆ ಗೇಟು ಮುಚ್ಚುವ ಮುಂಚಿನ ಒಂದು ಗಂಟೆಯಲ್ಲಿ ಅವಕ್ಕೇ ಕುತ್ತಾಗಬಾರದು.

ಹಾಗಾದರೆ ನಿರ್ಬಂಧ ಸಡಿಲಿಸಿ ಎನ್ನುವವರಿದ್ದಾರೆ. ಗಡುವನ್ನು ಹತ್ತಕ್ಕೆ ಒಯ್ದರೆ ಓಟವೂ ಹತ್ತಕ್ಕೇ ಹೋಗುತ್ತದೆ, ಅಷ್ಟೇ. ನಿಯಮ ತಿಳಿದುಕೊಳ್ಳುವುದು ಪ್ರವಾಸಿಗರ ಹೊಣೆ ಎಂಬ ಮಾತು ಒಪ್ಪಬಹುದಾದರೂ, ದಿಢೀರ್ ಹೊರಟವರಿಗೆ ಅದು ಗೊತ್ತಾಗುವುದು ಗೇಟಿನ ಮುಂದೆಯೇ. ಊಟಿ ಇರುವ ನೀಲಗಿರಿಗೆ ಹೋಗುವ ವಾಹನಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಇದೆ. ಆ ಪಾಸಿನಲ್ಲೇ 'ಇಷ್ಟು ಗಂಟೆಗೆ ಊಟಿ ಬಿಡಿ' ಎಂದು ಕನ್ನಡದಲ್ಲೂ ಮುದ್ರಿಸಲು ನಮ್ಮ ಅರಣ್ಯ ಇಲಾಖೆ ತಮಿಳುನಾಡನ್ನು ಕೋರಬೇಕು. ಊಟಿ ದಾರಿಯ ಗೂಡಲೂರಿನಲ್ಲೂ ವಯನಾಡು ದಾರಿಯ ಸುಲ್ತಾನ್ ಬತ್ತೇರಿಯಲ್ಲೂ ಈ ಗಡುವು ತಿಳಿಸುವ ದೊಡ್ಡ ಫಲಕ ಬೇಕು. ವಯನಾಡಿನಿಂದ ಬರುವವರಿಗೆ ಕುಟ್ಟ-ಗೋಣಿಕೊಪ್ಪದ ಬದಲಿ ದಾರಿಯನ್ನೂ ಅದರಲ್ಲೇ ತೋರಿಸಲಿ. ಶಾಲೆ ಶುರುವಾಗುವ ಮುನ್ನಾದಿನವಾದರೂ ಮಧ್ಯಾಹ್ನವೇ ರೇಡಿಯೊದಲ್ಲಿ ಈ ಸೂಚನೆ ಕೇಳಿಬರಲಿ.

– ಓದುಗ, ಮೈಸೂರು