ಗುಳಿಗೆ ಕಸಿಯುವ ಕೈಗಳನ್ನು ತಡೆಯಿರಿ!

ಶಿವಮೊಗ್ಗದ ಗೋಪಾಳ ಬಡಾವಣೆಯ ಮಹಾಜನರೇ, ತಾಯಂದಿರೇ,

ಬೆಳಗಿನಿಂದ ನಡುಹಗಲಿನವರೆಗೂ ನಲ್ಲಿಯ ಮುಂದೆ ನಿಂತು, ಬೆರಳ ಸಂದುಗಳು ಬಿರಿದು ನೆತ್ತರು ಜಿನುಗುತ್ತಿದ್ದರೂ ಕೈತೊಳೆಯುವುದನ್ನು ನಿಲ್ಲಿಸಲಾರದೆ ಅಳುತ್ತಿದ್ದ ನಮ್ಮ ಬಡಾವಣೆಯ ತರುಣಿಯೊಬ್ಬಳು, ವೈದ್ಯರು ಕೊಟ್ಟ ಫ್ಲುಯೊಕ್ಸೆಟಿನ್ ಗುಳಿಗೆಯಿಂದ ಮೂರು ತಿಂಗಳಲ್ಲಿ ಚೇತರಿಸಿಕೊಂಡು, ತಾನೇ ಅನ್ನ ಬಸಿದು ಮನೆಮಂದಿಗೆ ಬಡಿಸುವಂತಾದಳು. ಆಗ ಬಂಧುಗಳು, "ಗುಣವಾಯಿತಲ್ಲ, ಇನ್ನೇಕೆ ಮಾತ್ರೆ?" ಎಂದು ಅದನ್ನು ಕಸಿದು ಎಸೆದರು. ಕಳೆದ ವಾರದಿಂದ ಆಕೆ ಮತ್ತೆ ನಲ್ಲಿಯ ಮುಂದಿದ್ದಾಳೆ. ಇದು ಅನ್ಯಾಯವಲ್ಲವೇ?

ಇದು ಮಡಿಯಲ್ಲ, ಹಟವಲ್ಲ, ಗೀಳು ಮನೋರೋಗ. ತನ್ನ ಶಂಕೆ ನಿರರ್ಥಕವೆಂದು ಬಲ್ಲ ರೋಗಿಯೂ ಅದನ್ನು ನಿವಾರಿಸಿಕೊಳ್ಳಲಾರದೆ ಬೇಯುವುದೇ ಈ ವ್ಯಾಧಿಯ ಕ್ರೌರ್ಯ. ಕ್ಲೋಮಿಪ್ರಮಿನ್, ಫ್ಲುಯೊಕ್ಸೆಟಿನ್, ಫ್ಲುವೊಕ್ಸಮಿನ್, ಸರ್ಟ್ರಲಿನ್ ಮೊದಲಾದ ಔಷಧಗಳು ಫಲ ಕೊಡಲು 8ರಿಂದ 12 ವಾರಗಳು ಬೇಕು. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣವೂ ಅನೇಕ ವೇಳೆ ಬೇಕಾಗುತ್ತದೆ. ಗುಣ ಕಂಡ ಮೇಲೆಯೂ ಒಂದೆರಡು ವರ್ಷ ಮುಂದುವರಿಸಿ, ವೈದ್ಯರ ಮಾತಿನಂತೆ ಮೆಲ್ಲನೆ ಇಳಿಸತಕ್ಕದ್ದು. ಹದಿನೈದು ದಿನ ನುಂಗಿಸಿ "ನಾಟಲಿಲ್ಲ" ಎನ್ನುವುದು ಬಿತ್ತಿದ ಮರುವಾರವೇ ಕುಡುಗೋಲು ಹಿಡಿದು ಗದ್ದೆಗಿಳಿದಂತೆ.

ಮಾತ್ರೆ ಚಟವಾಗುತ್ತದಂತೆ! ಸಕ್ಕರೆ ಕಾಯಿಲೆಗೆ ಇಪ್ಪತ್ತು ವರ್ಷ ಮಾತ್ರೆ ನುಂಗುವ ಹಿರಿಯರೇ ಹೀಗೆನ್ನುತ್ತಾರೆ. ತಾಯಿತಕ್ಕೆ ಸಾವಿರಗಟ್ಟಲೆ ಸುರಿಯುವವರಿಗೆ ಗುಳಿಗೆಯ ಬೆಲೆ ದುಬಾರಿಯಂತೆ! ಇನ್ನು, ಮಾತಿನ ಚಿಕಿತ್ಸೆಯೊಂದೇ ಸಾಕೆಂದು ವೇದಿಕೆಗಳಲ್ಲಿ ಉಪದೇಶಿಸುವ ವಿದ್ಯಾವಂತರೇ, ಆ ಚಿಕಿತ್ಸೆ ಶ್ರೇಷ್ಠವೇ ಹೌದು. ಆದರೆ ಅದನ್ನು ಬಲ್ಲವರು ಎಷ್ಟು ಊರುಗಳಲ್ಲಿದ್ದಾರೆ? ರೋಗ ಉಲ್ಬಣಿಸಿ ನಲ್ಲಿಯಿಂದ ಕದಲಲಾರದವಳು ನಿಮ್ಮ ಮಾತಿಗೆ ಕಿವಿಗೊಡುವುದೆಂತು? ಎರಡೂ ಕೂಡಿ ನಡೆಯಲಿ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಕಸಿಯಬೇಡಿ.

ಆಳುವವರಿಗೂ ಒಂದು ಮಾತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು, ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲೆಲ್ಲ, ಅವಶ್ಯಕ ಔಷಧಗಳ ಪಟ್ಟಿಯಲ್ಲಿರುವ ಮದ್ದುಗಳು ಮನೋರೋಗಿಗಳಿಗೆ ಸದಾಕಾಲವೂ ಉಚಿತವಾಗಿ ದೊರೆಯತಕ್ಕದ್ದೆಂದು ವಿಧಿಸಿದೆ. ಔಷಧದ ಕಿಟಕಿಯಲ್ಲಿ "ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ" ಎಂದರೆ ಅದೂ ರೋಗಿಯ ಕೈಯಿಂದ ಗುಳಿಗೆ ಕಸಿದಂತೆಯೇ!

ಶಿವಮೊಗ್ಗ, ಭದ್ರಾವತಿಗಳ ಬಂಧುಗಳೇ, ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದೊಳಗೆ ಮನೆಮನೆಗೂ ಈ ಮಾತು ಮುಟ್ಟಲಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಂಟು. ಗುಳಿಗೆ ನಿಲ್ಲಿಸುವ ಅಧಿಕಾರ ವೈದ್ಯರದು; ಅತ್ತೆಯದಲ್ಲ, ಮಾವನದಲ್ಲ, ನೆರೆಯವರದಲ್ಲ. ಕಸಿಯಲು ಕೈ ಚಾಚುವ ಮುನ್ನ ಆ ಬಿರಿದ ಬೆರಳುಗಳನ್ನು ಒಮ್ಮೆ ಹಿಡಿದು ನೋಡಿ.